ಸಂಗಾತಿಗಳ ನಡುವಣ ಮಾತು

ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳು ಎಲ್ಲರಲ್ಲಿಯೂ ಹೊರಚಿಹ್ನೆಗಳನ್ನು ತೋರುವುದಿಲ್ಲ. 1983ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಗುರುತಿಸಲ್ಪಟ್ಟ ಎಚ್.ಐ.ವಿ. ವೈರಸ್ಸು ಅನೇಕ ವರ್ಷಗಳ ಕಾಲ ದೇಹದಲ್ಲಿ ಅಡಗಿರಬಲ್ಲುದು. ಆದುದರಿಂದ ಮುಖದ ಕಾಂತಿಯನ್ನು ಕಂಡು ನಿಶ್ಚಿಂತರಾಗಲಾಗದು, ರಕ್ತಪರೀಕ್ಷೆಯೇ ಪ್ರಮಾಣ. ಸೋಂಕು ತಗಲಿದ ಮೇಲೆ ಪ್ರತಿಕಾಯಗಳು ಪರೀಕ್ಷೆಗೆ ಗೋಚರವಾಗಲು 90 ದಿನಗಳವರೆಗೂ ಹಿಡಿಯಬಹುದು. ಆದಕಾರಣ ಅದಕ್ಕೆ ಮೊದಲು ‘ಸೋಂಕಿಲ್ಲ’ವೆಂಬ ಉತ್ತರ ಬಂದರೆ ಮತ್ತೊಮ್ಮೆ ಪರೀಕ್ಷಿಸಿ ದೃಢಪಡಿಸಿಕೊಳ್ಳಬೇಕು. ಪ್ರತಿಸಲವೂ ಕಾಂಡೋಮನ್ನು ಸರಿಯಾಗಿ ಬಳಸಿದರೆ ಅಪಾಯವು ಬಹುಮಟ್ಟಿಗೆ ತಗ್ಗುವುದು.

ಆದರೆ ಇವೆರಡೂ ಮಾತಿನಿಂದಲೇ ಮೊದಲಾಗಬೇಕು. ಮದುವೆ ನಿಶ್ಚಯವಾದ ವಧೂವರರಲ್ಲಿ ಒಬ್ಬರು, “ನಾವಿಬ್ಬರೂ ಪರೀಕ್ಷೆ ಮಾಡಿಸಿಕೊಳ್ಳೋಣವೆ?” ಎಂದರೆ ಅದನ್ನು ಶಂಕೆಯೆಂದು ಭಾವಿಸಬಾರದು, ಅದು ಇಬ್ಬರ ಹಿತದ ಚಿಂತನೆ.

ಸಮ್ಮತಿಯನ್ನೂ ಕೇಳಿಯೇ ತಿಳಿಯಬೇಕು. ‘ಮೌನಂ ಸಮ್ಮತಿಲಕ್ಷಣಂ’ ಎಂಬ ನುಡಿ ಇಲ್ಲಿ ಸಲ್ಲದು. ಭಯವೂ ಬಾಯಿ ಕಟ್ಟುತ್ತದೆ. ನಿನ್ನೆಯ ಒಪ್ಪಿಗೆ ಇಂದಿಗೆ ಸಾಲದು; ಇಂದು ಕೊಟ್ಟುದನ್ನೂ ಯಾವ ಕ್ಷಣದಲ್ಲಾದರೂ ಹಿಂದೆಗೆದುಕೊಳ್ಳಬಹುದು. ದಂಪತಿಗಳೂ ಇದನ್ನು ಮರೆಯಬಾರದು. ಭಾರತದಲ್ಲಿ 2012ರ ಪೋಕ್ಸೋ ಕಾಯಿದೆಯ ಪ್ರಕಾರ 18 ವರ್ಷ ತುಂಬದವರ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂಬುದನ್ನು ವಿದ್ಯಾರ್ಥಿಗಳು ಅರಿತಿರಬೇಕು. ಕೇಳಲು ನಾಚದಿರುವುದೂ, ಬೇಡವೆಂದೊಡನೆ ನಿಲ್ಲುವುದೂ ಆರೋಗ್ಯಶಾಸ್ತ್ರದ ಪಾಠಗಳೇ.