ಬಿಚ್ಚುವ ಮೊದಲು ಚಕ್ರ ತಿರುಗಿಸಿ ನೋಡು

ತಮ್ಮಾ, ಬ್ರೇಕ್ ಹಿಡಿಯುತ್ತಿಲ್ಲ ಎಂದು ಬಂದ ಕಾರಿಗೆ ಎಲ್ಲರೂ ಹೆದರುತ್ತಾರೆ. ಹಿಡಿದದ್ದು ಬಿಡುತ್ತಿಲ್ಲ ಎಂದರೆ ಹಗುರವಾಗಿ ನೋಡುತ್ತಾರೆ. ನೀನು ಹಾಗೆ ಮಾಡಬೇಡ. ಕಾಲು ತೆಗೆದ ಮೇಲೂ ಪ್ಯಾಡ್ ಡಿಸ್ಕನ್ನು ಉಜ್ಜುತ್ತಲೇ ಇದ್ದರೆ ಆ ಬಿಸಿ ಬ್ರೇಕ್ ಆಯಿಲ್‌ಗೆ ಮುಟ್ಟುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿ ಹಳತಾದರೆ 140ರ ಸುಮಾರಿಗೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಕೆಳಗಿಳಿದುಬಿಡುತ್ತದೆ. ಚಾರ್ಮಾಡಿ ಘಾಟಿ ಇಳಿಯುವಾಗ ಹಾಗಾದರೆ ಗತಿಯೇನು?

ಮೈಲೇಜ್ ಬಿದ್ದಿದೆ, ಕಾರು ಒಂದು ಕಡೆಗೆ ಎಳೆಯುತ್ತದೆ, ಸುಟ್ಟ ವಾಸನೆ ಬರುತ್ತದೆ ಎಂದು ಗಿರಾಕಿ ಹೇಳಿದರೆ ಗಮನವಿಟ್ಟು ಕೇಳು. ಆಮೇಲೆ ಬ್ರೇಕ್ ಆದಷ್ಟು ಕಡಿಮೆ ಒತ್ತಿ ನೀನೇ ಓಡಿಸು. ನಿಲ್ಲಿಸಿದ ಕೂಡಲೇ ಪ್ರತಿ ಚಕ್ರದ ಹತ್ತಿರ ಅಂಗೈ ಒಡ್ಡು. ಡಿಸ್ಕ್ ಮುಟ್ಟಬೇಡ, ಕೈ ಸುಡುತ್ತದೆ. ಎಡಬಲದ ಬಿಸಿ ಹೋಲಿಸು. ಆರಲಿ, ಆಮೇಲೆ ನೋಡೋಣ ಎನ್ನಬೇಡ. ಕೆಲವು ಬ್ರೇಕ್ ತಣ್ಣಗಾದರೆ ತಾನೇ ಬಿಟ್ಟುಕೊಳ್ಳುತ್ತವೆ. ಆಗ ದೋಷ ಕೈಗೆ ಸಿಗುವುದಿಲ್ಲ.

ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು, ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಇಟ್ಟು, ನ್ಯೂಟ್ರಲ್‌ನಲ್ಲಿ ಚಕ್ರ ತಿರುಗಿಸು. ಬಿಗಿಯಿದ್ದರೆ ಕನ್ನಡಕ ಹಾಕಿಕೊಂಡು, ಬ್ಲೀಡರ್ ನಿಪ್ಪಲ್‌ಗೆ ಟ್ಯೂಬ್ ಸಿಕ್ಕಿಸಿ ಸ್ವಲ್ಪವೇ ಸಡಿಲಿಸು. ಆಯಿಲ್ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿತೇ? ಹಾಗಾದರೆ ಕ್ಯಾಲಿಪರ್ ಬದಲಿಸಬೇಡ, ಒತ್ತಡ ಮೇಲೆಲ್ಲೋ ಸಿಕ್ಕಿಕೊಂಡಿದೆ. ಒಂದೇ ಚಕ್ರವಾದರೆ ರಬ್ಬರ್ ಹೋಸ್ ಒಳಗೇ ಊದಿ ಮುಚ್ಚಿಕೊಂಡಿರಬಹುದು; ಹೊರಗೆ ಅದು ಹೊಸದರಂತೆ ಕಾಣುತ್ತದೆ. ಎರಡು ಮೂರು ಚಕ್ರ ಒಟ್ಟಿಗೇ ಹಿಡಿದಿದ್ದರೆ ಮಾಸ್ಟರ್ ಸಿಲಿಂಡರ್ ಕಡೆ ನೋಡು. ಅದನ್ನು ಬೂಸ್ಟರ್‌ಗೆ ಕೂರಿಸಿದ ನಟ್‌ಗಳನ್ನು ಸಡಿಲಿಸಿ ಒಂದಿಷ್ಟು ಮುಂದೆ ಸರಿಸಿದಾಗ ಬ್ರೇಕ್ ಬಿಟ್ಟುಕೊಂಡರೆ ಪುಶ್ ರಾಡ್‌ಗೆ ಪ್ಲೇ ಇಲ್ಲ ಎಂದು ತಿಳಿ.

ನಿಪ್ಪಲ್ ಸಡಿಲಿಸಿದರೂ ಬಿಗಿ ಹಾಗೇ ಇದ್ದರೆ ದೋಷ ಚಕ್ರದಲ್ಲೇ ಇದೆ. ಪಿಸ್ಟನ್ ತುಕ್ಕು ಹಿಡಿದಿರಬಹುದು, ಸ್ಲೈಡ್ ಪಿನ್ ಒಣಗಿರಬಹುದು, ಪ್ಯಾಡ್ ಬ್ರಾಕೆಟ್‌ನಲ್ಲಿ ಸಿಕ್ಕಿರಬಹುದು. ಹಿಂದಿನ ಡ್ರಮ್ ಆದರೆ ಹ್ಯಾಂಡ್ ಬ್ರೇಕ್ ಕೇಬಲ್ ಸಡಿಲಿಸಿ ನೋಡು. ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದ ಕಾರುಗಳಲ್ಲಿ ಶೂ ಡ್ರಮ್ಮಿಗೆ ಅಂಟಿಕೊಳ್ಳುವುದುಂಟು.

ಪಿನ್‌ಗೆ ಬೇರಿಂಗ್ ಗ್ರೀಸ್ ಬಳಿಯಬೇಡ, ರಬ್ಬರ್ ಊದುತ್ತದೆ. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಾಕು. ಬ್ರೇಕ್ ಆಯಿಲ್ ಡಬ್ಬಿಗೆ ಇಂಜಿನ್ ಆಯಿಲ್ ಒಂದಿಷ್ಟು ಬಿದ್ದರೂ ಸೀಲುಗಳೆಲ್ಲ ಹಾಳು.

ಊಹೆಯ ಮೇಲೆ ಪಾರ್ಟ್ ಬದಲಿಸಿದರೆ ಗಿರಾಕಿಯ ದುಡ್ಡು ಹೋಗುತ್ತದೆ, ದೋಷ ಕಾರಿನಲ್ಲೇ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಏರ್ ತೆಗೆದು, ಪೆಡಲ್ ಗಟ್ಟಿಯಿದೆಯೇ ನೋಡಿ, ಮತ್ತೆ ಓಡಿಸಿ, ಮತ್ತೆ ನಾಲ್ಕೂ ಚಕ್ರದ ಬಿಸಿ ನೋಡಿದ ನಂತರವೇ ಕೀ ಕೊಡು. ಆ ಕಾರಿನಲ್ಲಿ ಒಂದು ಸಂಸಾರ ಕೂರುತ್ತದೆ.