ಜಿಪಿಎಸ್ ಬೆಳಗುತ್ತದೆ, ಕಂಪ್ಯೂಟರ್‌ಗೆ ಕಾಣುವುದಿಲ್ಲ

ಪ್ರಶ್ನೆ: ಚಾರಣದ ಹಾದಿಯೆಲ್ಲ ಗಾರ್ಮಿನ್ ಇಟ್ರೆಕ್ಸ್ 20ರಲ್ಲಿದೆ. ಕಂಪ್ಯೂಟರ್‌ಗೆ ಜೋಡಿಸಿದರೆ ಪರದೆ ಬೆಳಗುತ್ತದೆ, ಡ್ರೈವ್ ಕಾಣುವುದಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಕೇಬಲ್ ಬದಲಿಸಿ. ಕೆಲವು ಮಿನಿ ಯುಎಸ್‌ಬಿ ಕೇಬಲ್‌ಗಳು ಚಾರ್ಜಿಂಗ್‌ಗಷ್ಟೇ ಸರಿ. ಅವುಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿನ ಪೋರ್ಟ್‌ಗೆ ಜೋಡಿಸಿ.

ಆಗಲೂ ಕಾಣದಿದ್ದರೆ ಸಾಧನದ ಸೆಟಪ್‌ನಲ್ಲಿ ಸಿಸ್ಟಮ್, ಅದರಲ್ಲಿ ಇಂಟರ್‌ಫೇಸ್ ತೆರೆಯಿರಿ. ‘ಸ್ಪ್ಯಾನರ್’ ಆಯ್ಕೆಯಾಗಿದ್ದರೆ, ಜೋಡಿಸಿದಾಗ ಮಾಸ್ ಸ್ಟೋರೇಜ್‌ಗೆ ಹೋಗಬೇಕೆ ಎಂದು ಸಾಧನ ಕೇಳುತ್ತದೆ, ‘ಯೆಸ್’ ಒತ್ತಿ.

ಡ್ರೈವ್ ಕಂಡೊಡನೆ ಗಾರ್ಮಿನ್ ಫೋಲ್ಡರ್‌ನೊಳಗಿನ ಜಿಪಿಎಕ್ಸ್ ಫೋಲ್ಡರ್ ಪೂರ್ತಿ ನಕಲಿಸಿಕೊಳ್ಳಿ. ಇತ್ತೀಚಿನ ಹಾದಿ ಅದರೊಳಗಿನ ‘ಕರೆಂಟ್’ ಫೋಲ್ಡರ್‌ನಲ್ಲಿರುತ್ತದೆ. ನಕಲು ತೆರೆದು ನೋಡುವವರೆಗೆ ಏನನ್ನೂ ಅಳಿಸಬೇಡಿ. ‘ಫಾರ್ಮ್ಯಾಟ್ ಮಾಡಲೇ?’ ಎಂದು ಕಂಪ್ಯೂಟರ್ ಕೇಳಿದರೆ ಖಂಡಿತ ಒಪ್ಪಬೇಡಿ.

ಸಾಕೆಟ್ ಸಡಿಲವಾಗಿದ್ದರೆ, ಪಿನ್ ಬಾಗಿದ್ದರೆ ಸೂಜಿ ಹಾಕಿ ಕೆದಕದೆ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಹಾದಿಯ ಕಡತ ಬೇಕೇ ಬೇಕೆಂದು ಮೊದಲೇ ತಿಳಿಸಿ.