ಸಾಲ ತೀರಿಸಿ ಕೊಡುತ್ತೇವೆ ಎನ್ನುವವರನ್ನು ನಂಬುವ ಮುನ್ನ



ಘಟಪ್ರಭಾ ನದಿಯ ದಂಡೆಯ ಮೇಲಿರುವ ಮಸಗುಪ್ಪಿ ಮತ್ತು ಸುತ್ತಲಿನ ಊರುಗಳ ಜನರಿಗೆ ಹೊಳೆ ಏರಿದರೆ ಏನಾಗುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2019ರ ಆಗಸ್ಟ್ ತಿಂಗಳ ಮಹಾಪೂರವನ್ನು ನಾವು ಯಾರೂ ಮರೆತಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ. ಸಾಲದಲ್ಲಿ ಮುಳುಗಿದವರ ಪಾಡೂ ಹಾಗೆಯೇ. ಕಬ್ಬಿನ ಬಿಲ್ಲು ತಡವಾಯಿತು, ಮನೆಯಲ್ಲಿ ಒಬ್ಬರು ದವಾಖಾನೆ ಸೇರಿದರು, ಮಗಳ ಮದುವೆ ಬಂತು. ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಸಾಲ. ಇಂಥ ಹೊತ್ತಿನಲ್ಲಿ ಯಾರಾದರೂ ಬಂದು "ನಿಮ್ಮ ಸಾಲ ಅರ್ಧಕ್ಕೆ ಮುಗಿಸಿ ಕೊಡ್ತೀವಿ" ಎಂದರೆ ಅದು ದೇವರೇ ಕಳಿಸಿದ ಮಾತಿನಂತೆ ಕೇಳಿಸುತ್ತದೆ.

ಆ ಮಾತು ಆಡುವವರು ಸಾಚಾ ಇದ್ದಾರೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ? ಈ ಸಲದ ಪಾಠ ಇದೇ. ಸಂಘದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ, ನಂತರ ಚರ್ಚೆ ಮಾಡಬೇಕು.

ಒಂದು ಮನೆಯ ಲೆಕ್ಕ

ಪಾಠಕ್ಕಾಗಿ ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ತಾಯಿಗೆ ಮೂರು ಕಡೆಯ ಗುಂಪು ಸಾಲ ಸೇರಿ 84,000 ರೂಪಾಯಿ ಬಾಕಿ ಇದೆ. ಎರಡು ಕಂತು ತಪ್ಪಿವೆ. ಒಂದು ದಿನ ಇಸ್ತ್ರಿ ಅಂಗಿ ತೊಟ್ಟು, ಕೈಯಲ್ಲಿ ಫೈಲು ಹಿಡಿದ ಒಬ್ಬ ಮನೆಗೆ ಬರುತ್ತಾನೆ.

"ಅಕ್ಕಾರ, ಚಿಂತಿ ಬಿಡ್ರಿ. ನಮ್ಮದು ಆರ್‌ಬಿಐ ಮಾನ್ಯತೆ ಇರೋ ಕಂಪನಿ. 84 ಸಾವಿರದ್ದು 42 ಸಾವಿರಕ್ಕ ಸೆಟ್ಲ್‌ಮೆಂಟ್ ಮಾಡಿಸಿ ಕೊಡ್ತೀವಿ. ನಮ್ಮ ಫೀ ನೂರಕ್ಕ ಹದಿನೈದು. ತಿಂಗಳಾ ಮೂರು ಸಾವಿರ ನಮ್ಮ ಖಾತೆಗೆ ಹಾಕ್ರಿ. ಇವತ್ತಿನಿಂದ ಫೈನಾನ್ಸಿನವರಿಗೆ ಒಂದು ರೂಪಾಯಿನೂ ಕಟ್ಟಬ್ಯಾಡ್ರಿ. ಅವರ ಫೋನೂ ಎತ್ತಬ್ಯಾಡ್ರಿ."

ಆ ತಾಯಿ ಕಿವಿಯ ಬೆಂಡೋಲೆ ಒತ್ತೆ ಇಟ್ಟು 12,600 ರೂಪಾಯಿ ಫೀ ಕೊಡುತ್ತಾಳೆ. ಆರು ತಿಂಗಳು ಮೂರು ಸಾವಿರದಂತೆ 18,000 ಕಟ್ಟುತ್ತಾಳೆ. ಒಟ್ಟು 30,600 ರೂಪಾಯಿ. ಇದರಲ್ಲಿ ಸಾಲ ಕೊಟ್ಟ ಸಂಸ್ಥೆಗೆ ಮುಟ್ಟಿದ್ದು ಎಷ್ಟು? ಒಂದು ಪೈಸೆಯೂ ಇಲ್ಲ. 84 ಸಾವಿರ ಹಾಗೆಯೇ ಇದೆ, ಅದರ ಮೇಲೆ ಆರು ತಿಂಗಳ ಬಡ್ಡಿ ಬೆಳೆದಿದೆ. ಅದೇ ಹಣವನ್ನು ನೇರವಾಗಿ ಸಾಲಕ್ಕೆ ಕಟ್ಟಿದ್ದರೆ, ಬಡ್ಡಿ ಬಿಟ್ಟು ಲೆಕ್ಕ ಹಾಕಿದರೂ, ಬಾಕಿ 53,400ಕ್ಕೆ ಇಳಿಯುತ್ತಿತ್ತು.

ನಷ್ಟ ಅವಳೊಬ್ಬಳದೇ ಅಲ್ಲ. ಗುಂಪು ಸಾಲದಲ್ಲಿ ಒಬ್ಬರು ಕಂತು ನಿಲ್ಲಿಸಿದರೆ ಒತ್ತಡ ಉಳಿದ ಸದಸ್ಯರ ಮೇಲೆ ಬೀಳುತ್ತದೆ. ನಿನ್ನೆಯವರೆಗೆ ಅಕ್ಕ-ತಂಗಿ ಎನ್ನುತ್ತಿದ್ದವರು ಇಂದು ಬಾಗಿಲಿಗೆ ಬಂದು ಜಗಳ ಆಡುತ್ತಾರೆ. ಹೋದ ಹಣವನ್ನು ದುಡಿಯಬಹುದು, ಮುರಿದ ಸಂಘವನ್ನು ಮತ್ತೆ ಕಟ್ಟುವುದು ಕಷ್ಟ.

ಮೊದಲು ತಿಳಿಯಬೇಕಾದ ಒಂದು ಮಾತು

ಸಾಲವನ್ನು ಕಡಿಮೆ ಮಾಡುವ ಅಧಿಕಾರ ಇರುವುದು ಸಾಲ ಕೊಟ್ಟವರಿಗೆ. ಕಾನೂನಿನ ಪ್ರಕಾರ ಸರ್ಕಾರಕ್ಕೂ ನ್ಯಾಯಾಲಯಕ್ಕೂ ಸ್ವಲ್ಪ ಅಧಿಕಾರ ಇದೆ. ನಡುವಿನವರಿಗೆ ಯಾವ ಅಧಿಕಾರವೂ ಇಲ್ಲ. ಅವರು ಹೆಚ್ಚೆಂದರೆ ನಮ್ಮ ಪರವಾಗಿ ಬ್ಯಾಂಕಿನವರ ಹತ್ತಿರ ಮಾತಾಡಬಹುದು. ಆ ಮಾತನ್ನು ನಾವೇ ಹೋಗಿ ಆಡಲೂಬಹುದು.

ಬ್ಯಾಂಕುಗಳು ಮತ್ತು ಹಣಕಾಸು ಸಂಸ್ಥೆಗಳು ರಾಜಿ ತೀರುವಳಿ ಮಾಡಿಕೊಳ್ಳಲು ರಿಸರ್ವ್ ಬ್ಯಾಂಕ್ 2023ರ ಜೂನ್ 8ರಂದು ನಿಯಮ ಹೊರಡಿಸಿತು. ಅದರಂತೆ ಪ್ರತಿ ಬ್ಯಾಂಕು ತನ್ನ ಆಡಳಿತ ಮಂಡಳಿ ಒಪ್ಪಿದ ನೀತಿ ಇಟ್ಟುಕೊಳ್ಳಬೇಕು. ನಮ್ಮ ಕಡೆ ಜನ "ಒನ್ ಟೈಮ್ ಸೆಟ್ಲ್‌ಮೆಂಟ್" ಎನ್ನುವುದು ಇದಕ್ಕೇ. ಅಂದರೆ ತೀರುವಳಿ ಎಂಬುದು ಸುಳ್ಳಲ್ಲ, ಅದು ಇದೆ. ಆದರೆ ಅದು ಸಿಗುವುದು ಬ್ಯಾಂಕಿನ ಮೇಜಿನ ಮೇಲೆ.

ಎರಡನೆಯದಾಗಿ, ಸಾಲ ತೀರುವಳಿ ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ ಪರವಾನಗಿ ಕೊಡುವ ಪದ್ಧತಿಯೇ ನಮ್ಮ ದೇಶದಲ್ಲಿ ಇಲ್ಲ. ಆದ್ದರಿಂದ "ನಮ್ಮದು ಆರ್‌ಬಿಐ ಮಾನ್ಯತೆಯ ಸೆಟ್ಲ್‌ಮೆಂಟ್ ಕಂಪನಿ" ಎಂದು ಯಾರಾದರೂ ಹೇಳಿದರೆ ಮೊದಲ ಮಾತೇ ಸುಳ್ಳಾಯಿತು. ಕಂಪನಿ ನೋಂದಣಿ ಪತ್ರ, ಜಿಎಸ್‌ಟಿ ನಂಬರ್ ತೋರಿಸಬಹುದು. ಅವು ಕಂಪನಿಗೆ ಒಂದು ಹೆಸರಿದೆ ಎಂಬುದನ್ನು ಹೇಳುತ್ತವೆ, ಅದು ಪ್ರಾಮಾಣಿಕ ಎಂಬುದನ್ನು ಹೇಳುವುದಿಲ್ಲ. ಅಂಗಡಿಗೆ ಬೋರ್ಡು ಹಾಕಿದ ಮಾತ್ರಕ್ಕೆ ಒಳಗಿನ ತಕ್ಕಡಿ ಸರಿ ಇದೆ ಎಂದು ಅರ್ಥವಲ್ಲ.

ಪರೀಕ್ಷೆಯ ಏಳು ಪ್ರಶ್ನೆಗಳು

1. ಸಾಲ ಕೊಟ್ಟ ಸಂಸ್ಥೆಯ ಪತ್ರ ಇದೆಯೇ? ಬಂದವನು ಬ್ಯಾಂಕಿನ ಪರವಾಗಿ ಬಂದೆ ಎಂದರೆ ಗುರುತಿನ ಚೀಟಿ ಮತ್ತು ಅಧಿಕಾರ ಪತ್ರ ಕೇಳಬೇಕು. ಅವನು ಕೊಟ್ಟ ನಂಬರಿಗೆ ಫೋನ್ ಮಾಡಬಾರದು. ನಿಮ್ಮ ಪಾಸ್‌ಬುಕ್ಕು ಅಥವಾ ಸಾಲದ ಕಾರ್ಡಿನಲ್ಲಿರುವ ಶಾಖೆಗೆ ಹೋಗಿ ವಿಚಾರಿಸಬೇಕು.

2. ಕೆಲಸಕ್ಕೆ ಮೊದಲೇ ಫೀ ಕೇಳುತ್ತಾರೆಯೇ? 2023ರ ಡಿಸೆಂಬರ್ 11ರಂದು ರಿಸರ್ವ್ ಬ್ಯಾಂಕ್ ಇದೇ ವಿಷಯದಲ್ಲಿ ಜನರನ್ನು ಎಚ್ಚರಿಸಿತು. ಕೆಲವರು ಸಾಲ ಮನ್ನಾ ಮಾಡಿಸುತ್ತೇವೆಂದು ಜಾಹೀರಾತು ಕೊಟ್ಟು, ಸೇವಾ ಶುಲ್ಕ, ಕಾನೂನು ಶುಲ್ಕ ಎಂದು ಹಣ ಪಡೆದು, ಯಾವ ಅಧಿಕಾರವೂ ಇಲ್ಲದೆ "ಸಾಲ ಮನ್ನಾ ಪ್ರಮಾಣಪತ್ರ" ಕೊಡುತ್ತಿದ್ದಾರೆ ಎಂದು ಅದು ತಿಳಿಸಿತು. ಅಂಥ ಕಾಗದವನ್ನು ಯಾವ ಬ್ಯಾಂಕೂ ಒಪ್ಪುವುದಿಲ್ಲ.

3. ಹಣ ಯಾರ ಖಾತೆಗೆ ಹೋಗುತ್ತದೆ? ಸಾಲದ ಹಣ ಸಾಲದ ಖಾತೆಗೇ ಹೋಗಬೇಕು. ಏಜೆಂಟನ ಫೋನ್‌ಪೇ ನಂಬರಿಗೆ ಅಥವಾ ಕಂಪನಿಯ ಖಾತೆಗೆ ಹಾಕಿ ಎಂದರೆ ಅಲ್ಲಿಗೇ ನಿಲ್ಲಿಸಿ.

4. "ಕಂತು ಕಟ್ಟಬ್ಯಾಡ್ರಿ" ಎನ್ನುತ್ತಾರೆಯೇ? ಕಂತು ನಿಲ್ಲಿಸಿದರೆ ಬಡ್ಡಿ ಬೆಳೆಯುತ್ತದೆ, ಸಿಬಿಲ್ ದಾಖಲೆ ಕೆಡುತ್ತದೆ. ಚೆಕ್ ಕೊಟ್ಟಿದ್ದು ಅದು ಬೌನ್ಸ್ ಆದರೆ ಕೋರ್ಟ್ ಕೇಸೂ ಬರಬಹುದು. ಆಗ ಕಟಕಟೆಯಲ್ಲಿ ನಿಲ್ಲುವವರು ನಾವು, ಕಂಪನಿಯವನಲ್ಲ.

5. ಏನೇನು ಕೇಳುತ್ತಾರೆ? ಓಟಿಪಿ, ಖಾಲಿ ಚೆಕ್, ಖಾಲಿ ಬಾಂಡ್ ಪೇಪರಿನ ಮೇಲೆ ಸಹಿ, ಯಂತ್ರದ ಮೇಲೆ ಹೆಬ್ಬೆಟ್ಟು ಇವುಗಳನ್ನು ಕೇಳಿದರೆ ನಿಮ್ಮ ಹೆಸರಿನಲ್ಲಿ ಹೊಸ ಸಾಲವೇ ಹುಟ್ಟಬಹುದು. 2025ರ ಜನವರಿಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಿಂದಲೇ ಇಂಥ ದೂರುಗಳು ಬಂದವು. ಸಬ್ಸಿಡಿ ಬರುತ್ತದೆ, ಅರ್ಧ ಹಣ ನಿಮಗೆ, ಕಂತು ನಾವು ಕಟ್ಟುತ್ತೇವೆ ಎಂದು ನಂಬಿಸಿ ಮಹಿಳೆಯರ ಹೆಸರಿನಲ್ಲಿ ಮೈಕ್ರೋ ಫೈನಾನ್ಸ್ ಸಾಲ ತೆಗೆಸಿದರು, ಕಂತು ಮಾತ್ರ ಆ ಮಹಿಳೆಯರ ಕೊರಳಿಗೇ ಬಿತ್ತು ಎಂಬುದು ಆ ದೂರು.

6. ಯಾವ ಕಾಯ್ದೆಯ ಹೆಸರು ಹೇಳುತ್ತಾರೆ? "ಋಣಮುಕ್ತ ಕಾಯ್ದೆ ಬಂದೈತಿ, ಎಲ್ಲಾ ಸಾಲ ಮನ್ನಾ" ಎಂಬ ಮಾತು ಈಗಲೂ ಓಡಾಡುತ್ತಿದೆ. 2019ರ ಜುಲೈಯಲ್ಲಿ ಜಾರಿಗೆ ಬಂದ ಕರ್ನಾಟಕ ಋಣ ಪರಿಹಾರ ಕಾಯ್ದೆ ಖಾಸಗಿ ಲೇವಾದೇವಿ ಸಾಲಕ್ಕೆ ಸಂಬಂಧಿಸಿದ್ದು, ಬ್ಯಾಂಕ್ ಸಾಲಕ್ಕಲ್ಲ. ಉಪವಿಭಾಗಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಲು 90 ದಿನಗಳ ಅವಕಾಶ ಇತ್ತು, ಅದು ಆಗಲೇ ಮುಗಿದಿದೆ. 2025ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ ಬಂದು ನಂತರ ಕಾಯ್ದೆಯಾದ ಕಿರುಸಾಲ ಕಾನೂನು ಬಲವಂತದ ವಸೂಲಿಯನ್ನು ತಡೆಯಲು ಬಂದದ್ದು. ತಪ್ಪು ಮಾಡಿದವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಆದರೆ ಬ್ಯಾಂಕಿನ ಸಾಲವನ್ನು ಅದು ಮನ್ನಾ ಮಾಡಿಲ್ಲ.

7. ಕರಾರು ಕನ್ನಡದಲ್ಲಿ ಇದೆಯೇ? ಫೀ ಎಷ್ಟು, ಕೆಲಸ ಆಗದಿದ್ದರೆ ಹಣ ವಾಪಸ್ ಬರುತ್ತದೆಯೇ, ಕಚೇರಿ ಎಲ್ಲಿದೆ ಎಂಬುದು ಬರವಣಿಗೆಯಲ್ಲಿ ಇರಬೇಕು. ವಕೀಲರಿದ್ದಾರೆ ಎಂದರೆ ಅವರ ಹೆಸರು ಮತ್ತು ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರು, "ಇವತ್ತೇ ಸಹಿ ಮಾಡ್ರಿ, ನಾಳಿಗೆ ಆಫರ್ ಇರಂಗಿಲ್ಲ" ಎನ್ನುವವರು ನಮಗೆ ಬೇಡ.

ನಡುವೆ ನಿಂತು ಸಹಾಯ ಮಾಡುವವರೆಲ್ಲ ಮೋಸಗಾರರು ಎಂದು ನಾವು ಹೇಳುತ್ತಿಲ್ಲ. ನ್ಯಾಯವಾದ ಫೀ ಪಡೆದು ಪ್ರಾಮಾಣಿಕವಾಗಿ ಕೆಲಸ ಮಾಡುವ ವಕೀಲರೂ ಇದ್ದಾರೆ. ಅಂಥವರು ಮೇಲಿನ ಏಳೂ ಪ್ರಶ್ನೆಗೆ ಸಮಾಧಾನದಿಂದ ಉತ್ತರ ಕೊಡುತ್ತಾರೆ.

ನಾವೇ ಮಾಡಬಹುದಾದದ್ದು

ಮೊದಲು ಮನೆಯವರೆಲ್ಲ ಕೂತು ಸಾಲದ ಪಟ್ಟಿ ಮಾಡಿ. ಯಾರದ್ದು, ಎಷ್ಟು ಬಾಕಿ, ಬಡ್ಡಿ ಎಷ್ಟು, ಎಷ್ಟು ಕಂತು ತಪ್ಪಿದೆ ಎಂದು ಬರೆಯಿರಿ. ಗಂಡನಿಗೆ ತಿಳಿಯದ ಸಾಲ, ಹೆಂಡತಿಗೆ ತಿಳಿಯದ ಸಾಲ ಎರಡೂ ಆ ಪಟ್ಟಿಯಲ್ಲಿ ಬರಲಿ. ಸಿಬಿಲ್ ಮುಂತಾದ ನಾಲ್ಕು ಸಂಸ್ಥೆಗಳು ವರ್ಷಕ್ಕೊಮ್ಮೆ ಸಾಲದ ವರದಿಯನ್ನು ಉಚಿತವಾಗಿ ಕೊಡುತ್ತವೆ. ನಿಮ್ಮ ಹೆಸರಿನಲ್ಲಿ ಬೇರೆಯವರು ಸಾಲ ತೆಗೆದಿದ್ದರೆ ಅದರಲ್ಲಿ ಗೊತ್ತಾಗುತ್ತದೆ.

ನಂತರ ಶಾಖೆಗೆ ಹೋಗಿ, ಪಿಕೆಪಿಎಸ್ ಸಾಲವಾದರೆ ಸೊಸೈಟಿಗೆ ಹೋಗಿ, ಕಷ್ಟವನ್ನು ಬರೆದು ಅರ್ಜಿ ಕೊಡಿ. ಕಂತಿನ ಅವಧಿ ಹೆಚ್ಚಿಸಲು ಅಥವಾ ರಾಜಿ ತೀರುವಳಿಗೆ ಕೇಳಿ. ಅರ್ಜಿಯ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಅವರು ಒಪ್ಪಿದರೆ ಸಂಸ್ಥೆಯ ಲೆಟರ್‌ಹೆಡ್ ಮೇಲೆ ಸಾಲದ ಖಾತೆ ಸಂಖ್ಯೆ, ಕಟ್ಟಬೇಕಾದ ಮೊತ್ತ, ಕೊನೆಯ ದಿನಾಂಕ ಬರೆದ ಪತ್ರ ಪಡೆಯಿರಿ. ಪತ್ರ ಕೈಗೆ ಬಂದ ಮೇಲೆಯೇ ಹಣ ಕಟ್ಟಿ. ಕಟ್ಟಿದ ಮೇಲೆ "ಬಾಕಿ ಇಲ್ಲ" ಎಂಬ ಪತ್ರ ತೆಗೆದುಕೊಳ್ಳಿ. ಮನೆ, ಹೊಲದ ಕಾಗದಪತ್ರ ಅಡ ಇಟ್ಟಿದ್ದರೆ, ಸಾಲ ತೀರಿದ 30 ದಿನಗಳೊಳಗೆ ಬ್ಯಾಂಕ್ ಅವನ್ನು ಮರಳಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ಒಂದು ಎಚ್ಚರಿಕೆ. ಕಡಿಮೆ ಹಣಕ್ಕೆ ತೀರಿಸಿದ ಸಾಲ ಸಿಬಿಲ್‌ನಲ್ಲಿ "ಸೆಟಲ್ಡ್" ಎಂದು ದಾಖಲಾಗುತ್ತದೆ. ಪೂರ್ತಿ ಕಟ್ಟಿದ ಸಾಲದಂತೆ ಅದನ್ನು ನೋಡುವುದಿಲ್ಲ, ಮುಂದೆ ಸಾಲ ಸಿಗುವುದು ಕಷ್ಟವಾಗುತ್ತದೆ. ಸ್ವಲ್ಪ ಕಷ್ಟಪಟ್ಟರೆ ಪೂರ್ತಿ ಕಟ್ಟಲು ಸಾಧ್ಯವಿದ್ದವರು ಅವಧಿ ಹೆಚ್ಚಿಸಿಕೊಳ್ಳುವುದೇ ಮೇಲು.

ಬ್ಯಾಂಕು ಮಾತು ಕೇಳದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಅದರ ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ಕೋರ್ಟ್ ಫೀ ಇಲ್ಲದೆ ರಾಜಿ ಮಾಡಿಕೊಳ್ಳಬಹುದು. ಅಲ್ಲಿ ಆದ ರಾಜಿ ಕೋರ್ಟಿನ ತೀರ್ಪಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದ ಕಟ್ಟಲು ಆಗುವಷ್ಟಕ್ಕೆ ಮಾತ್ರ ಒಪ್ಪಿಕೊಳ್ಳಿ.

ಕಿರುಕುಳ ಆದರೆ, ಮೋಸ ಆದರೆ

ಮೈಕ್ರೋ ಫೈನಾನ್ಸ್ ಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ, ಫೋನ್ ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ನೆಂಟರಿಗೆ ನೆರೆಯವರಿಗೆ ಕಾಟ ಕೊಡುವುದು ನಿಯಮಕ್ಕೆ ವಿರುದ್ಧ. ಮೊದಲು ಆ ಸಂಸ್ಥೆಗೇ ಬರೆದು ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಖರ್ಚಿಲ್ಲ. ವಿಚಾರಿಸಲು 14448ಕ್ಕೆ ಫೋನ್ ಮಾಡಿ. ಬೆದರಿಕೆ, ಹಲ್ಲೆ ಆದರೆ ತಡಮಾಡದೆ 112.

ಈಗಾಗಲೇ ಹಣ ಕೊಟ್ಟು ಮೋಸ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನೆ ಕೂರಬೇಡಿ. ಇನ್ನು ಮುಂದೆ ಕೊಡುವುದನ್ನು ನಿಲ್ಲಿಸಿ. ರಸೀದಿ, ಮೆಸೇಜು, ಫೋನ್ ನಂಬರ್ ಎಲ್ಲ ತೆಗೆದಿಡಿ. ಮೊಬೈಲಿನಿಂದ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ತಿಳಿಸಿ, ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಅದೇ ದಿನ ಸಾಲ ಕೊಟ್ಟ ಶಾಖೆಗೂ ಹೋಗಿ ನಡೆದದ್ದನ್ನು ಹೇಳಿ.

ಇನ್ನೊಂದು ಮಾತು. ಸಾಲದ ಚಿಂತೆಯಿಂದ ಜೀವ ಬೇಡವೆನಿಸಿದರೆ ಆ ರಾತ್ರಿಯೇ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಮಾತಾಡುತ್ತದೆ. ಎಂಥ ಸಾಲಕ್ಕೂ ಒಂದು ದಾರಿ ಇರುತ್ತದೆ, ಹೋದ ಜೀವಕ್ಕೆ ಇಲ್ಲ.

ಸಂಘದಲ್ಲಿ ಚರ್ಚಿಸಿರಿ

1. ನಮ್ಮ ಊರಿಗೆ ಇಂಥ ಕಂಪನಿಯವರು ಬಂದಿದ್ದಾರೆಯೇ? ಏನು ಹೇಳಿದರು?
2. ಉದಾಹರಣೆಯ ತಾಯಿ ಬೆಂಡೋಲೆ ಒತ್ತೆ ಇಡುವ ಮೊದಲು ಸಂಘಕ್ಕೆ ಬಂದಿದ್ದರೆ ನಾವು ಏನು ಹೇಳುತ್ತಿದ್ದೆವು? ಅವಳು ಯಾಕೆ ಬರಲಿಲ್ಲ?
3. ಕಂತು ತಪ್ಪಿದ ಸದಸ್ಯರ ಜೊತೆ ಶಾಖೆಗೆ ಹೋಗಲು ನಮ್ಮಲ್ಲಿ ಯಾವ ಇಬ್ಬರು ಸಿದ್ಧರಿದ್ದಾರೆ?

ಎರಡನೆಯ ಪ್ರಶ್ನೆಗೆ ಹೆಚ್ಚು ಸಮಯ ಕೊಡಿ. ಸಾಲ ಆಗಿದೆ ಎಂದು ಸಂಘದಲ್ಲಿ ಹೇಳಲು ನಾಚಿಕೆ ಪಡುವವರು ಅಪರಿಚಿತನ ಮುಂದೆ ಎಲ್ಲ ಹೇಳುತ್ತಾರೆ. ನಮ್ಮವರು ಕಷ್ಟ ಹೇಳಿಕೊಂಡಾಗ ನಾವು ಆಡಿಕೊಳ್ಳದೆ ಕೇಳಿದರೆ, ಫೈಲು ಹಿಡಿದು ಬಂದವನಿಗೆ ನಮ್ಮ ಊರಲ್ಲಿ ಕೆಲಸ ಇರುವುದಿಲ್ಲ.